ಜ್ವರ ಬಂದವರೆಷ್ಟು ಮಂದಿ?

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಮೊದಲ ದಿನವೇ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಪಾಠವೊಂದುಂಟು: ದೋಷದ ಮಿತಿಯನ್ನು ತಿಳಿಸದೆ ಕೊಟ್ಟ ಅಳತೆ ಅಳತೆಯೇ ಅಲ್ಲ. ತಂತಿಯ ವ್ಯಾಸ ಇಷ್ಟು ಮಿಲಿಮೀಟರು ಎಂದು ಬರೆದರೆ ಸಾಲದು. ಅದು ಎಷ್ಟರಮಟ್ಟಿಗೆ ತಪ್ಪಿರಬಹುದೆಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಈಚೆಗೆ ಒಂದು ದಿನ ಈ ಪಾಠ ಮುಗಿಯುತ್ತಿದ್ದಂತೆ, ಹಲಸೂರಿನಿಂದ ಬರುವ ವಿದ್ಯಾರ್ಥಿಯೊಬ್ಬರು ಎದ್ದು ನಿಂತು ಕೇಳಿದರು: “೧೯೧೮ರ ಇನ್‌ಫ್ಲುಯೆಂಜದಲ್ಲಿ ಪ್ರಪಂಚದ ೫೦ ಕೋಟಿ ಜನರಿಗೆ ಸೋಂಕು ತಗಲಿತೆಂದು ಓದಿದ್ದೇನೆ, ಸರ್. ಅವರನ್ನೆಲ್ಲ ಎಣಿಸಿದವರು ಯಾರು? ಆ ಸಂಖ್ಯೆಗೆ ದೋಷದ ಮಿತಿ ಎಷ್ಟು? ನಮ್ಮ ಹಲಸೂರಿನಲ್ಲಿ ಎಷ್ಟು ಮಂದಿಗೆ ಬಂದಿತ್ತು?”

ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಆ ಕ್ಷಣದಲ್ಲಿ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಆಮೇಲೆ ಓದಿ, ಲೆಕ್ಕ ಹಾಕಿ, ನಾವು ಕಂಡುಕೊಂಡುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಮೊದಲೇ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ. ಪಿಡುಗಿನ ಕಾಲದಲ್ಲಿ ದಿನದಿನವೂ ಪ್ರಕಟವಾಗುವ ‘ರೋಗಿಗಳ ಸಂಖ್ಯೆ’ ರೋಗದ ಅಳತೆಯಲ್ಲ. ನಮ್ಮ ಆಸ್ಪತ್ರೆಗಳ ಮತ್ತು ಪ್ರಯೋಗಶಾಲೆಗಳ ಶಕ್ತಿಯ ಅಳತೆ. ರೋಗದ ನಿಜವಾದ ವಿಸ್ತಾರವನ್ನು ತಿಳಿಯಬೇಕಾದರೆ ಚೆನ್ನಾಗಿ ಆರಿಸಿದ ಒಂದು ಸಣ್ಣ ಮಾದರಿ ಬೇಕು. ಅದನ್ನು ಪಿಡುಗು ಬರುವುದಕ್ಕೆ ಮುಂಚೆಯೇ ಆರಿಸಿಟ್ಟುಕೊಂಡಿರಬೇಕು.

ಮೊದಲು ‘ಸೋಂಕು ತಗಲಿದವರು’ ಎಂಬ ಮಾತಿನ ಅರ್ಥವನ್ನು ನೋಡೋಣ. ಒಂದರ ಕೆಳಗೊಂದು ನಾಲ್ಕು ಜರಡಿಗಳನ್ನು ಇಟ್ಟಿರುವುದಾಗಿ ಭಾವಿಸಿರಿ. ವೈರಸ್ಸು ದೇಹವನ್ನು ಹೊಕ್ಕವರೆಲ್ಲ ಮೇಲಿನಿಂದ ಬೀಳುತ್ತಾರೆ. ಮೊದಲ ಜರಡಿಯನ್ನು ದಾಟುವವರು ಜ್ವರ, ಕೆಮ್ಮು, ಮೈಕೈನೋವು ಕಾಣಿಸಿಕೊಂಡವರು ಮಾತ್ರ. ಎರಡನೆಯದನ್ನು ದಾಟುವವರು ವೈದ್ಯರ ಬಳಿಗೆ ಹೋದವರು. ಮೂರನೆಯದನ್ನು ದಾಟುವವರು ಪರೀಕ್ಷೆಗೆ ಒಳಗಾದವರು. ನಾಲ್ಕನೆಯದನ್ನೂ ದಾಟಿ, ಪರೀಕ್ಷೆಯಲ್ಲಿ ರೋಗವೆಂದು ಸಿದ್ಧವಾಗಿ ದಫ್ತರದಲ್ಲಿ ದಾಖಲೆಯಾದವರೇ ಪತ್ರಿಕೆಯಲ್ಲಿ ನಾವು ಓದುವ ಸಂಖ್ಯೆ. ೨೦೧೪ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ದೀರ್ಘ ಅಧ್ಯಯನದ ಪ್ರಕಾರ, ಇನ್‌ಫ್ಲುಯೆಂಜ ಸೋಂಕು ತಗಲಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಹೇಳಿಕೊಳ್ಳುವಂಥ ರೋಗಲಕ್ಷಣಗಳೇ ಇರಲಿಲ್ಲ. ಮೊದಲ ಜರಡಿಯಲ್ಲಿಯೇ ಇಷ್ಟು ಮಂದಿ ನಿಂತುಹೋದರೆ, ನಾಲ್ಕನೆಯದರ ಕೆಳಗೆ ಬಿದ್ದ ಕಾಳುಗಳನ್ನು ಎಣಿಸಿ ಚೀಲದಲ್ಲಿದ್ದುದೆಷ್ಟೆಂದು ಹೇಳಲಾದೀತೇ?

೧೯೧೮ರಲ್ಲಿ ಮೂರನೆಯ ಜರಡಿ ಇರಲೇ ಇಲ್ಲ. ಮನುಷ್ಯನ ಇನ್‌ಫ್ಲುಯೆಂಜ ವೈರಸ್ಸನ್ನು ಲಂಡನ್ನಿನಲ್ಲಿ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಎಂಬ ವಿಜ್ಞಾನಿಗಳು ಬೇರ್ಪಡಿಸಿದುದು ೧೯೩೩ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲು ಬಂದ ಪಿಡುಗಿನಲ್ಲಿ ವೈದ್ಯರ ಕಣ್ಣಂದಾಜೇ ಪರೀಕ್ಷೆ. ಹಾಗಾದರೆ ೫೦ ಕೋಟಿ ಎಂಬ ಸಂಖ್ಯೆ ಎಲ್ಲಿಂದ ಬಂತು? ಆಗಿನ ಜಗತ್ತಿನ ಜನಸಂಖ್ಯೆ ಸುಮಾರು ೧೮೦ ಕೋಟಿ. ಅದರಲ್ಲಿ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಡಮೆ ಎಂದರೆ ೫೦ ಕೋಟಿ. ಅಂದರೆ ಇದು ಎಣಿಸಿದ ಸಂಖ್ಯೆಯಲ್ಲ. ಒಂದು ಭಿನ್ನರಾಶಿಯಿಂದ ಗುಣಿಸಿ ಪಡೆದ ಸಂಖ್ಯೆ.

ಈ ಸಂಖ್ಯೆಯ ಜೊತೆಗೆ ಇನ್ನೆರಡು ಸಂಖ್ಯೆಗಳನ್ನು ಪುಸ್ತಕಗಳಲ್ಲಿ ಹೇಳುವುದುಂಟು: ರೋಗ ಬಂದವರಲ್ಲಿ ಸತ್ತವರು ನೂರಕ್ಕೆ ಎರಡೂವರೆಗಿಂತ ಹೆಚ್ಚು, ಜಗತ್ತಿನಲ್ಲಿ ಒಟ್ಟು ಸತ್ತವರು ಸುಮಾರು ೫ ಕೋಟಿ. ಮೂರನ್ನೂ ಒಂದೇ ಪುಟದಲ್ಲಿ ಓದಿ ತಲೆದೂಗುವವರೇ ಹೆಚ್ಚು; ಗುಣಿಸಿ ನೋಡುವವರು ಕಡಮೆ. ೫೦ ಕೋಟಿಯಲ್ಲಿ ನೂರಕ್ಕೆ ಎರಡೂವರೆ ಎಂದರೆ ೧ ಕೋಟಿ ೨೫ ಲಕ್ಷ. ಆದರೆ ಹೇಳಿರುವುದು ೫ ಕೋಟಿ! ೫೦ ಕೋಟಿಯಲ್ಲಿ ೫ ಕೋಟಿ ಎಂದರೆ ನೂರಕ್ಕೆ ಹತ್ತು. ಮೂರು ಸಂಖ್ಯೆಗಳು ಒಂದರೊಡನೊಂದು ಹೊಂದಬೇಕಾದರೆ ‘ಎರಡೂವರೆಗಿಂತ ಹೆಚ್ಚು’ ಎಂಬುದನ್ನು ನಾಲ್ಕರಷ್ಟು ಹಿಗ್ಗಿಸಬೇಕಾಗುತ್ತದೆ. ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕದಲ್ಲಿ ಇಂಥ ಲೆಕ್ಕ ಕಂಡರೆ ನಾವು ಕೆಂಪು ಶಾಯಿಯ ಗೆರೆ ಎಳೆಯುತ್ತೇವೆ.

ನಮ್ಮ ದೇಶಕ್ಕೆ ಇದನ್ನು ಅನ್ವಯಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ೧೯೧೧ರ ಜನಗಣತಿಯಲ್ಲಿ ಇಂಡಿಯದ ಜನಸಂಖ್ಯೆ ಸುಮಾರು ೩೧ ಕೋಟಿ ೫೦ ಲಕ್ಷ. ೧೯೧೮ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ, ಮಳೆಗಾಲ ಕಳೆಯುತ್ತಿದ್ದಂತೆ ಘೋರರೂಪವನ್ನು ತಾಳಿ ದೇಶವನ್ನೆಲ್ಲ ವ್ಯಾಪಿಸಿತು. ೧೯೧೯ರಲ್ಲಿ ಸರ್ಕಾರದ ಸ್ಯಾನಿಟರಿ ಕಮಿಷನರಾಗಿದ್ದ ನಾರ್ಮನ್ ವೈಟ್ ಅವರು ಸತ್ತವರ ಸಂಖ್ಯೆಯನ್ನು ಸುಮಾರು ೬೦ ಲಕ್ಷವೆಂದು ಅಂದಾಜು ಮಾಡಿದರು. ೧೯೨೧ರ ಜನಗಣತಿಯ ಅಧಿಕಾರಿಗಳು ಅದನ್ನು ಸರಿಸುಮಾರು ಇಮ್ಮಡಿಗೊಳಿಸಿದರು. ೧೯೮೬ರಲ್ಲಿ ಮಿಲ್ಸ್ ಎಂಬ ವಿದ್ವಾಂಸರು ೧ ಕೋಟಿ ೭೦ ಲಕ್ಷದಿಂದ ೧ ಕೋಟಿ ೮೦ ಲಕ್ಷದವರೆಗೆ ಎಂದರು. ಸತ್ತವರು ಮತ್ತೆ ಸಾಯಲಿಲ್ಲ. ಲೆಕ್ಕ ಹಾಕುವ ಕ್ರಮ ಬದಲಾಯಿತು.

ಇವುಗಳಲ್ಲಿ ನಡುವಿನ ಅಂದಾಜನ್ನು, ಎಂದರೆ ೧ ಕೋಟಿ ೨೦ ಲಕ್ಷವನ್ನೇ ಹಿಡಿಯೋಣ. ರೋಗ ಬಂದವರಲ್ಲಿ ನೂರಕ್ಕೆ ಎರಡೂವರೆ ಮಂದಿ ಮಾತ್ರ ಸತ್ತಿದ್ದರೆ, ರೋಗ ಬಂದವರು ೪೮ ಕೋಟಿಯಾಗಬೇಕು. ದೇಶದಲ್ಲಿದ್ದವರೇ ೩೧ ಕೋಟಿ ೫೦ ಲಕ್ಷ! ಆದುದರಿಂದ ಎರಡೂವರೆಯ ಲೆಕ್ಕ ಇಲ್ಲಿಗೆ ಸಲ್ಲದು. ದೇಶದ ಪ್ರತಿಯೊಬ್ಬರಿಗೂ ಸೋಂಕು ತಗಲಿತ್ತೆಂದು ಇಟ್ಟುಕೊಂಡರೂ ಸತ್ತವರು ನೂರಕ್ಕೆ ೩.೮, ಮೂರರಲ್ಲೊಂದು ಪಾಲಿಗೆ ಮಾತ್ರ ತಗಲಿತ್ತೆಂದರೆ ನೂರಕ್ಕೆ ೧೧ಕ್ಕೂ ಮೇಲೆ. ಮಿಲ್ಸ್ ಅವರ ಸಂಖ್ಯೆಯನ್ನು ಹಿಡಿದರೆ ಇದು ನೂರಕ್ಕೆ ೧೬ನ್ನು ದಾಟುತ್ತದೆ. ಎಷ್ಟು ಮಂದಿಗೆ ಸೋಂಕು ತಗಲಿತೆಂಬುದನ್ನು ಅರಿಯದೆ ರೋಗ ಎಷ್ಟು ಭೀಕರವೆಂಬುದನ್ನು ಹೇಳಲಾಗದು. ಭಾಗಾಕಾರದಲ್ಲಿ ಭಾಜ್ಯ ಗೊತ್ತಿದ್ದರೆ ಸಾಲದು, ಭಾಜಕವೂ ಗೊತ್ತಿರಬೇಕು.

ಇನ್ನು ನಮ್ಮ ಊರಿಗೆ ಬರೋಣ. ೧೯೧೮ರಲ್ಲಿ ಬೆಂಗಳೂರು ಎಂದರೆ ಎರಡು ಊರುಗಳು. ಪಶ್ಚಿಮದ ಪೇಟೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ; ಪೂರ್ವದ ದಂಡು, ಎಂದರೆ ಈಗಿನ ಶಿವಾಜಿನಗರ, ಹಲಸೂರು ಮೊದಲಾದುವು ಸೇರಿದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ. ಈಗಿನ ಇಂದಿರಾನಗರ ಎಂಬ ಬಡಾವಣೆ ಆಗ ಇರಲಿಲ್ಲ; ಕೃಷ್ಣರಾಜಪುರ ದಂಡಿನ ಎಲ್ಲೆಯಿಂದಾಚೆಗೆ, ಸಂಸ್ಥಾನದ ನೆಲದಲ್ಲಿತ್ತು. ರೋಗ ಈ ಎಲ್ಲೆಗಳನ್ನು ಲೆಕ್ಕಿಸಲಿಲ್ಲ. ಜನನಮರಣದ ಪುಸ್ತಕಗಳು ಲೆಕ್ಕಿಸಿದುವು. ದಂಡಿನಲ್ಲಿ ಜ್ವರ ಹಿಡಿದು ಹಳ್ಳಿಯ ಮನೆಯಲ್ಲಿ ಪ್ರಾಣಬಿಟ್ಟ ಕೂಲಿಯಾಳು ದಂಡಿನ ಲೆಕ್ಕಕ್ಕೆ ಸೇರುವಂತಿರಲಿಲ್ಲ.

ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಜನಗಣತಿಯನ್ನು ನೋಡಿದರೆ ಏನಾದರೂ ತಿಳಿದೀತೇ? ದಂಡಿನ ಜನಸಂಖ್ಯೆ ೧೮೯೧ರಲ್ಲಿ ೧,೦೦,೦೮೧, ೧೯೦೧ರಲ್ಲಿ ೮೯,೫೯೯, ೧೯೧೧ರಲ್ಲಿ ೧,೦೦,೮೩೪, ೧೯೨೧ರಲ್ಲಿ ೧,೧೮,೯೪೦. ಪೇಟೆಯದು ಅನುಕ್ರಮವಾಗಿ ೮೦,೨೮೫, ೬೯,೪೪೭, ೮೮,೬೫೧ ಮತ್ತು ೧,೧೮,೫೫೬. ಈ ಅಂಕಿಗಳನ್ನು ವಿದ್ಯಾರ್ಥಿಗಳು ಒಂದು ನಕ್ಷೆಯಲ್ಲಿ ಗುರುತಿಸಿ ನೋಡಬೇಕು. ೧೮೯೮ರಲ್ಲಿ ಬಂದ ಪ್ಲೇಗು ೧೯೦೧ರ ಅಂಕಿಯಲ್ಲಿ ಆಳವಾದ ತಗ್ಗಾಗಿ ಕಾಣುತ್ತದೆ: ದಂಡಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು, ಪೇಟೆಯಲ್ಲಿಯೂ ಹತ್ತು ಸಾವಿರಕ್ಕೂ ಹೆಚ್ಚು ಜನ ಕಡಮೆ. ೧೯೧೮ರ ಇನ್‌ಫ್ಲುಯೆಂಜ ಎಲ್ಲಿಯೂ ಕಾಣುವುದಿಲ್ಲ. ಕಾಣದಿರುವುದಿರಲಿ, ಆ ದಶಕದಲ್ಲಿ ದಂಡು ನೂರಕ್ಕೆ ೧೮ರಂತೆ ಬೆಳೆಯಿತು; ಹಿಂದಿನ ದಶಕದಲ್ಲಿ ಬೆಳೆದುದು ೧೨.೫ರಂತೆ. ಬರಿಯ ಈ ಅಂಕಿಗಳನ್ನು ಮಾತ್ರ ನೋಡಿದವನು, ಇನ್‌ಫ್ಲುಯೆಂಜ ಬೆಂಗಳೂರಿಗೆ ಬರಲೇ ಇಲ್ಲವೆಂದು ಹೇಳಿಯಾನು!

ಇದಕ್ಕೆ ಕಾರಣ ಕಷ್ಟವಾದುದಲ್ಲ. ಪ್ಲೇಗು ಬಂದಾಗ ಜನ ಊರು ಬಿಟ್ಟು ಓಡಿದರು. ರೋಗ ವರ್ಷಗಟ್ಟಲೆ ಮರುಕಳಿಸುತ್ತಿದ್ದ ಕಾಲದಲ್ಲಿಯೇ ೧೯೦೧ರ ಗಣತಿ ನಡೆಯಿತು. ಇನ್‌ಫ್ಲುಯೆಂಜವಾದರೋ ಕೆಲವು ವಾರಗಳಲ್ಲಿ ಬಂದು ಹೋಯಿತು. ಅದರಿಂದ ಓಡಿಹೋಗಲು ನೆಲವೇ ಇರಲಿಲ್ಲ. ೧೯೨೧ರ ಮಾರ್ಚಿಯಲ್ಲಿ ಗಣತಿ ನಡೆಯುವಷ್ಟರಲ್ಲಿ ಎರಡು ವರ್ಷಕ್ಕೂ ಮೇಲಾಗಿತ್ತು. ಕೆಲಸ ಹುಡುಕಿಕೊಂಡು ಬಂದವರು ಸತ್ತವರ ಜಾಗವನ್ನು ತುಂಬಿದ್ದರು. ನಗರವೆಂಬುದು ತೂತುಬಿದ್ದ ಕೊಡದಂತೆ: ಮೇಲಿನಿಂದ ನೀರು ಬೀಳುತ್ತಲೇ ಇದ್ದರೆ ಮಟ್ಟವನ್ನು ಮಾತ್ರ ನೋಡಿ ಸೋರಿದುದೆಷ್ಟೆಂದು ಹೇಳಲಾಗದು.

ಇಡೀ ಸಂಸ್ಥಾನವನ್ನು ತೆಗೆದುಕೊಂಡರೆ ಒಳಬರುವ ನೀರಿನ ತೊಂದರೆ ಕಡಮೆ. ಮೈಸೂರಿನ ಜನಸಂಖ್ಯೆ ೧೯೦೧ರಲ್ಲಿ ೫೫,೩೯,೩೯೯, ೧೯೧೧ರಲ್ಲಿ ೫೮,೦೬,೧೯೩, ೧೯೨೧ರಲ್ಲಿ ೫೯,೭೮,೮೯೨. ಮೊದಲ ದಶಕದ ವೇಗದಲ್ಲಿಯೇ ಎರಡನೆಯ ದಶಕದಲ್ಲಿಯೂ ಬೆಳೆದಿದ್ದರೆ ಸುಮಾರು ೬೦,೮೬,೦೦೦ ಆಗಬೇಕಾಗಿತ್ತು. ಕೊರತೆ ಸುಮಾರು ೧,೦೭,೦೦೦. ಇದು ಇನ್‌ಫ್ಲುಯೆಂಜದಿಂದ ಸತ್ತವರ ಸಂಖ್ಯೆಯೇ? ಹಾಗೆಂದು ಹೇಳಲು ನಾವು ಧೈರ್ಯ ಮಾಡುವುದಿಲ್ಲ. ಮೊದಲ ದಶಕದಲ್ಲಿ ಪ್ಲೇಗು ಇದ್ದುದರಿಂದ ನಮ್ಮ ಅಳತೆಗೋಲೇ ಗಿಡ್ಡವಾದುದು. ಆದ್ದರಿಂದ ಸಾವುಗಳು ಇದಕ್ಕಿಂತ ಹೆಚ್ಚಿರಬಹುದು. ಇನ್ನೊಂದು ಕಡೆ, ಹುಟ್ಟದೆ ಹೋದ ಮಕ್ಕಳೂ ಬೇರೆ ರೋಗಗಳಿಂದ ಸತ್ತವರೂ ಈ ಕೊರತೆಯಲ್ಲಿ ಸೇರಿದ್ದಾರೆ. ಆದ್ದರಿಂದ ಕಡಮೆಯೂ ಇರಬಹುದು. ಆದರೂ ಇಂಥ ಲೆಕ್ಕದಿಂದ ‘ಸಾವಿರಗಳಲ್ಲ, ಲಕ್ಷದ ಆಸುಪಾಸು’ ಎಂಬ ತಿಳಿವಳಿಕೆಯಾದರೂ ದೊರೆಯುತ್ತದೆ. ಸತ್ತವರ ವಿಷಯವೇ ಹೀಗಾದರೆ, ಜ್ವರ ಬಂದು ಗುಣವಾದವರ ವಿಷಯದಲ್ಲಿ ಜನಗಣತಿ ಪೂರ್ತಿ ಮೌನ.

ಹಾಗಾದರೆ ಉಪಾಯವೇನು? ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ತಾಯಂದಿರು ಒಂದಗುಳನ್ನು ಹಿಸುಕಿ ನೋಡುತ್ತಾರೆ. ಪಾತ್ರೆಯನ್ನೆಲ್ಲ ಬರಿದು ಮಾಡುವುದಿಲ್ಲ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ಫ್ರಾಸ್ಟ್ ಮತ್ತು ಸೈಡನ್‌ಸ್ಟ್ರಿಕರ್ ಎಂಬವರು ೧೯೧೮-೧೯ರಲ್ಲಿ ಇದನ್ನೇ ಮಾಡಿದರು. ಆಸ್ಪತ್ರೆಯ ಪುಸ್ತಕಗಳನ್ನು ಬದಿಗಿಟ್ಟು, ಆರಿಸಿದ ಊರುಗಳಲ್ಲಿ ಮನೆಯಿಂದ ಮನೆಗೆ ಜನರನ್ನು ಕಳುಹಿಸಿ, ಯಾರಿಗೆ ಯಾವಾಗ ಜ್ವರ ಬಂದಿತ್ತೆಂದು ವಿಚಾರಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಜನರ ವಿವರ ದೊರೆಯಿತು. ಒಟ್ಟಿನಲ್ಲಿ ನೂರಕ್ಕೆ ೨೮ ಮಂದಿ ಕಾಯಿಲೆ ಬಿದ್ದಿದ್ದರು. ಆದರೆ ಲೂಯಿವಿಲ್ ಎಂಬಲ್ಲಿ ನೂರಕ್ಕೆ ೧೫. ಸ್ಯಾನ್ ಆಂಟೋನಿಯೊದಲ್ಲಿ ೫೩! ಒಂದೇ ದೇಶದಲ್ಲಿ, ಒಂದೇ ಪಿಡುಗಿನಲ್ಲಿ ಇಷ್ಟು ಅಂತರ. ಆ ಮೂರರಲ್ಲೊಂದು ಎಂಬ ಭಿನ್ನರಾಶಿ ಇಂಥ ವಿಚಾರಣೆಗಳನ್ನು ಆಧರಿಸಿದುದು. ಅದನ್ನು ಹಲಸೂರಿಗೆ ಹಾಗೆಯೇ ಅನ್ವಯಿಸುವುದು, ಬೇರೊಬ್ಬರ ಅಡುಗೆಮನೆಯ ಅಗುಳನ್ನು ಹಿಸುಕಿ ನಮ್ಮ ಮನೆಯ ಅನ್ನ ಬೆಂದಿತೆಂದು ಹೇಳಿದಂತೆ.

ಮಾದರಿ ಎಷ್ಟು ದೊಡ್ಡದಿರಬೇಕು? ಇಲ್ಲಿ ಗಣಿತ ನಮ್ಮ ನೆರವಿಗೆ ಬರುತ್ತದೆ. ನಿಜವಾಗಿ ನೂರಕ್ಕೆ ೨೮ ಮಂದಿಗೆ ಸೋಂಕು ತಗಲಿದೆಯೆನ್ನೋಣ. ಯಾದೃಚ್ಛಿಕವಾಗಿ ಆರಿಸಿದ ೧೦೦ ಮಂದಿಯನ್ನು ಪರೀಕ್ಷಿಸಿದರೆ ಉತ್ತರ ೧೯ರಿಂದ ೩೭ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ೧,೬೦೦ ಮಂದಿಯನ್ನು ಪರೀಕ್ಷಿಸಿದರೆ ಅದು ಸುಮಾರು ೨೬ರಿಂದ ೩೦ರ ನಡುವೆ ನಿಲ್ಲುತ್ತದೆ. ಮಾದರಿಯನ್ನು ಹದಿನಾರು ಪಟ್ಟು ಹಿಗ್ಗಿಸಿದರೆ ದೋಷ ನಾಲ್ಕರಲ್ಲೊಂದು ಪಾಲಾಗುತ್ತದೆ. ಇದೇ ವರ್ಗಮೂಲದ ನಿಯಮ. ಸೋಜಿಗವೆಂದರೆ, ಊರಿನಲ್ಲಿ ಒಂದು ಲಕ್ಷ ಜನರಿದ್ದರೂ ಒಂದು ಕೋಟಿ ಜನರಿದ್ದರೂ ಈ ಲೆಕ್ಕ ಹೆಚ್ಚುಕಡಮೆ ಒಂದೇ. ಸಾರನ್ನು ಚೆನ್ನಾಗಿ ಕಲಕಿದ್ದರೆ, ಪಾತ್ರೆ ಚಿಕ್ಕದಾದರೂ ದೊಡ್ಡದಾದರೂ ಉಪ್ಪು ನೋಡಲು ಒಂದು ಚಮಚ ಸಾಕಲ್ಲವೇ?

ಆದರೆ ಕಲಕಿರಬೇಕು. ಬೌರಿಂಗ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ೧,೬೦೦ ಮಂದಿಯನ್ನು ಆರಿಸಿದರೆ ಕಾಯಿಲೆಯವರೇ ಹೆಚ್ಚು ಸಿಕ್ಕುತ್ತಾರೆ. ರಸೆಲ್ ಮಾರುಕಟ್ಟೆಯಲ್ಲಿ ಆರಿಸಿದರೆ ಜನಸಂದಣಿಯಲ್ಲಿ ದುಡಿಯುವವರು ಹೆಚ್ಚು. ಇಂದಿರಾನಗರದ ವಿಶಾಲವಾದ ಮನೆಗಳಲ್ಲಿ ಆರಿಸಿದರೆ ಬೇರೊಂದು ಉತ್ತರ. ಹಲಸೂರಿನ ಓಣಿಯಲ್ಲಿ, ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಮನೆಗಳಲ್ಲಿ ಆರಿಸಿದರೆ ಮತ್ತೊಂದು. ಕೆಟ್ಟದಾಗಿ ಆರಿಸಿದ ಲಕ್ಷ ಜನರಿಗಿಂತ ಚೆನ್ನಾಗಿ ಆರಿಸಿದ ಸಾವಿರ ಜನರೇ ಮೇಲು. ಸಂಖ್ಯೆ ದೊಡ್ಡದಾದಷ್ಟೂ ತಪ್ಪು ಕಡಮೆಯಾಗುವುದಿಲ್ಲ. ಕೆಲವೊಮ್ಮೆ ತಪ್ಪಿನಲ್ಲಿ ನಮಗಿರುವ ನಂಬಿಕೆ ಮಾತ್ರ ಬಲವಾಗುತ್ತದೆ.

ಪರೀಕ್ಷೆಯಲ್ಲಿಯೂ ದೋಷವುಂಟು. ರೋಗವಿಲ್ಲದವರಲ್ಲಿ ನೂರಕ್ಕೆ ಇಬ್ಬರನ್ನು ‘ಸೋಂಕು ಉಂಟು’ ಎಂದು ತಪ್ಪಾಗಿ ತೋರಿಸುವ ಪರೀಕ್ಷೆಯನ್ನು ಭಾವಿಸಿರಿ. ೧,೦೦೦ ಮಂದಿಯಲ್ಲಿ ನಿಜವಾಗಿ ೧೦ ಮಂದಿಗೆ ಮಾತ್ರ ಸೋಂಕಿದ್ದರೆ, ಪರೀಕ್ಷೆ ಆ ಹತ್ತರ ಜೊತೆಗೆ ಸುಮಾರು ಇಪ್ಪತ್ತು ನಿರ್ದೋಷಿಗಳನ್ನೂ ಸೇರಿಸಿ ೩೦ ಎನ್ನುತ್ತದೆ, ಸತ್ಯದ ಮೂರರಷ್ಟು. ೩೦೦ ಮಂದಿಗೆ ಸೋಂಕಿದ್ದರೆ ಅದು ೩೧೪ ಎನ್ನುತ್ತದೆ, ದೋಷ ಅತ್ಯಲ್ಪ. ಆದುದರಿಂದ ಪರೀಕ್ಷೆಯ ದೋಷವನ್ನು ಮೊದಲೇ ತಿಳಿದು ಉತ್ತರವನ್ನು ತಿದ್ದಿಕೊಳ್ಳಬೇಕು.

ಬರಿಯ ದಾಖಲೆಯನ್ನು ನಂಬಿದರೆ ಏನಾಗುವುದೆಂಬುದಕ್ಕೆ ಎರಡು ನಿದರ್ಶನಗಳು. ೧೯೫೭ರ ಮೇ ತಿಂಗಳಿನಲ್ಲಿ ಏಷ್ಯನ್ ಫ್ಲೂ ಹಡಗಿನಲ್ಲಿ ಮದರಾಸಿಗೆ ಬಂದು ದೇಶದಲ್ಲಿ ಹರಡಿತು. ೧೯೫೮ರ ಆರಂಭದವರೆಗೆ ದಾಖಲೆಯಾದ ರೋಗಿಗಳು ಸುಮಾರು ೪೪ ಲಕ್ಷ. ಸತ್ತವರು ಸುಮಾರು ೧,೧೦೦. ಆಗಿನ ಜನಸಂಖ್ಯೆ ಸುಮಾರು ೪೦ ಕೋಟಿಯಾದುದರಿಂದ ನೂರಕ್ಕೆ ಒಬ್ಬರಿಗೆ ಮಾತ್ರ ಜ್ವರ ಬಂದಂತಾಯಿತು. ಬೇರೆ ದೇಶಗಳಲ್ಲಿ ಎಚ್ಚರದಿಂದ ವಿಚಾರಿಸಿದೆಡೆಗಳಲ್ಲಿ ಇದು ನೂರಕ್ಕೆ ಇಪ್ಪತ್ತನ್ನು ದಾಟಿತ್ತು. ನಮ್ಮವರ ಮೇಲೆ ವೈರಸ್ಸಿಗೆ ವಿಶೇಷ ಕರುಣೆಯಿತ್ತೆಂದು ನಂಬಲು ಕಾರಣವಿಲ್ಲ.

ಎರಡನೆಯದು ಇನ್‌ಫ್ಲುಯೆಂಜವಲ್ಲ, ನಾವೆಲ್ಲರೂ ಅನುಭವಿಸಿದ ಕೋವಿಡ್. ೨೦೨೦ರ ಸೆಪ್ಟೆಂಬರ್ ನಡುವಿನ ವೇಳೆಗೆ ಕರ್ನಾಟಕದಲ್ಲಿ ದಾಖಲೆಯಾಗಿದ್ದ ರೋಗಿಗಳು ಸುಮಾರು ೪ ಲಕ್ಷ ೮೫ ಸಾವಿರ. ಅದೇ ತಿಂಗಳು ಸರ್ಕಾರ ಹದಿನೈದು ಸಾವಿರಕ್ಕೂ ಹೆಚ್ಚು ಜನರ ರಕ್ತದಲ್ಲಿ ಪ್ರತಿಕಾಯಗಳನ್ನೂ, ಗಂಟಲಿನಲ್ಲಿ ವೈರಸ್ಸನ್ನೂ ಹುಡುಕಿಸಿತು. ೭ ಕೋಟಿಯ ನಾಡಿನಲ್ಲಿ ಸುಮಾರು ೧ ಕೋಟಿ ೯೩ ಲಕ್ಷ ಮಂದಿಗೆ, ಎಂದರೆ ನೂರಕ್ಕೆ ೨೭ ಮಂದಿಗೆ, ಅಷ್ಟರಲ್ಲಿಯೇ ಸೋಂಕು ತಗಲಿದೆಯೆಂದು ಅಂದಾಜಾಯಿತು. ದಾಖಲೆಯಾದ ಒಬ್ಬರಿಗೆ ನಲವತ್ತು ಮಂದಿ! ಈ ಕಾರ್ಯವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಆ ಮಾದರಿಯನ್ನು ಬಹುಮಟ್ಟಿಗೆ ಆಸ್ಪತ್ರೆಗೆ ಬಂದವರಿಂದಲೂ, ಮಾರುಕಟ್ಟೆ, ಬಸ್ ನಿಲ್ದಾಣಗಳಂಥ ಜನ ಸೇರುವ ಎಡೆಗಳಿಂದಲೂ ಆರಿಸಲಾಗಿತ್ತು. ಮನೆಗಳನ್ನು ಚೀಟಿಯೆತ್ತಿ ಆರಿಸಿದುದಲ್ಲ. ಮನೆಯೊಳಗೇ ಇದ್ದವರು ಅದರಲ್ಲಿ ಕಡಮೆ ಸೇರಿರಬೇಕು. ಅವಸರದಲ್ಲಿ ಹಾಗೆ ಮಾಡುವುದು ಅನಿವಾರ್ಯವಾಗಿತ್ತೆಂಬುದನ್ನು ಒಪ್ಪುತ್ತೇವೆ. ಅವಸರವಿಲ್ಲದ ಕಾಲದಲ್ಲಿ ಸಿದ್ಧತೆ ಮಾಡಿಕೊಳ್ಳಬೇಕೆಂಬುದೇ ನಮ್ಮ ವಾದ.

“ಮನೆಗೆ ಬೆಂಕಿ ಬಿದ್ದಾಗ ನೀರು ತರುವುದನ್ನು ಬಿಟ್ಟು ಲೆಕ್ಕ ಬರೆಯುವುದೇ?” ಎಂದು ಕೆಲವರು ಕೇಳಬಹುದು. ಬೆಂಕಿ ಎಷ್ಟು ಕೋಣೆಗಳಿಗೆ ಹಬ್ಬಿದೆಯೆಂದು ತಿಳಿಯದೆ ಎಷ್ಟು ಕೊಡ ನೀರು ತರುತ್ತೀರಿ ಎಂದು ನಾವು ಅವರನ್ನು ಕೇಳುತ್ತೇವೆ. ಸೋಂಕು ನೂರಕ್ಕೆ ಒಬ್ಬರಿಗೆ ತಗಲಿದ್ದರೆ ಪಿಡುಗಿನ ಬಹುಭಾಗ ಇನ್ನೂ ಮುಂದಿದೆ. ಅರವತ್ತು ಮಂದಿಗೆ ತಗಲಿದ್ದರೆ ಬಹುಭಾಗ ಕಳೆದಿದೆ. ಎಷ್ಟು ಹಾಸಿಗೆ, ಎಷ್ಟು ಆಮ್ಲಜನಕ, ಶಾಲೆಗಳಿಗೆ ಎಷ್ಟು ದಿನ ಬೀಗ ಎಂಬ ತೀರ್ಮಾನಗಳೆಲ್ಲ ಆ ಒಂದು ಸಂಖ್ಯೆಯನ್ನು ಅವಲಂಬಿಸಿವೆ. ಅದು ಹತ್ತುಪಟ್ಟು ತಪ್ಪಿದರೆ ಪ್ರಾಣಗಳೇ ಬೆಲೆ.

ಆದುದರಿಂದ ನಾವು ಮೂರು ಸಲಹೆಗಳನ್ನು ಮಾಡುತ್ತೇವೆ. ಮೊದಲನೆಯದಾಗಿ, ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ, ಹಾಗೆಯೇ ನಾಡಿನ ಪ್ರತಿಯೊಂದು ಭಾಗದಲ್ಲಿಯೂ, ಸಿರಿವಂತರ ರಸ್ತೆಗಳೂ ಬಡವರ ಓಣಿಗಳೂ ಸೇರುವಂತೆ ಚೀಟಿಯೆತ್ತಿ ಆರಿಸಿದ ಮನೆಗಳ ಪಟ್ಟಿಯೊಂದನ್ನು ಶಾಂತಿಯ ಕಾಲದಲ್ಲಿಯೇ ಸಿದ್ಧಪಡಿಸಿ, ಕಾಲಕಾಲಕ್ಕೆ ಹೊಸತುಮಾಡುತ್ತಿರಬೇಕು. ಬ್ರಿಟನ್ನಿನಲ್ಲಿ ೨೦೨೦ರ ಏಪ್ರಿಲ್ ತಿಂಗಳಿನಲ್ಲಿಯೇ ಯಾದೃಚ್ಛಿಕವಾಗಿ ಆರಿಸಿದ ಮನೆಗಳ ಪರೀಕ್ಷೆಯನ್ನು ಆರಂಭಿಸಿ ವರ್ಷಗಟ್ಟಲೆ ನಡೆಸಿದರು. ಎರಡನೆಯದಾಗಿ, ಅಂದಾಜನ್ನು ಪ್ರಕಟಿಸುವವರು ‘ಇಷ್ಟರಿಂದ ಇಷ್ಟರವರೆಗೆ’ ಎಂದು ಮಿತಿಯನ್ನೂ, ‘ಸೋಂಕು ತಗಲಿದವರೋ, ಕಾಯಿಲೆ ಬಿದ್ದವರೋ, ದಾಖಲೆಯಾದವರೋ’ ಎಂಬುದನ್ನೂ ಬರೆಯಲೇಬೇಕು. ಮಿತಿಯನ್ನು ಹೇಳುವುದು ಅಜ್ಞಾನದ ಲಕ್ಷಣವಲ್ಲ, ಪ್ರಾಮಾಣಿಕತೆಯ ಲಕ್ಷಣ.

ಮೂರನೆಯದು ವಿದ್ಯಾರ್ಥಿಗಳಿಗೆ. ೧೯೧೮ರ ದಂಡಿನ ಲೆಕ್ಕ ಪೂರ್ತಿ ಮುಚ್ಚಿಹೋಗಿದೆಯೆಂದು ನಾವು ಭಾವಿಸಬೇಕಾಗಿಲ್ಲ. ಹಳೆಯ ಚರ್ಚುಗಳಲ್ಲಿ ಶವಸಂಸ್ಕಾರದ ಪುಸ್ತಕಗಳನ್ನು ಇಡುವ ಪದ್ಧತಿಯುಂಟು. ಅನುಮತಿ ದೊರೆತಲ್ಲಿ, ೧೯೧೮ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಸಾವುಗಳನ್ನು ಹಿಂದಿನ ಮೂರು ವರ್ಷಗಳ ಅದೇ ತಿಂಗಳುಗಳ ಸಾವುಗಳೊಡನೆ ಹೋಲಿಸಿರಿ. ಹೆಚ್ಚಾಗಿ ಕಂಡುದೇ ಪಿಡುಗಿನ ಪಾಲು. ರೋಗದ ಹೆಸರನ್ನು ಯಾರು ಹೇಗೆ ಬರೆದಿದ್ದರೂ ಈ ಲೆಕ್ಕ ಕೆಡುವುದಿಲ್ಲ. ಅದು ಒಂದು ಸಮುದಾಯದ ಲೆಕ್ಕ ಮಾತ್ರವೆಂಬುದನ್ನೂ, ಪುಸ್ತಕವಿಲ್ಲದೆ ಸುಡುಗಾಡು ಸೇರಿದವರು ಅದರಲ್ಲಿಲ್ಲವೆಂಬುದನ್ನೂ ಕೆಳಗೆ ಬರೆಯುವುದನ್ನು ಮರೆಯಬೇಡಿರಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಮರುವಾರ ನಾವು ಹೇಳಿದ ಉತ್ತರವಿಷ್ಟು. ೫೦ ಕೋಟಿಯನ್ನು ಯಾರೂ ಎಣಿಸಲಿಲ್ಲ. ಅದರ ದೋಷದ ಮಿತಿ ಬಹಳ ದೊಡ್ಡದು. ಹಲಸೂರಿನಲ್ಲಿ ಎಷ್ಟು ಮಂದಿಗೆ ಬಂದಿತ್ತೆಂದು ಯಾರೂ ಮನೆಮನೆಗೆ ಹೋಗಿ ಕೇಳದಿದ್ದರೆ, ಇಷ್ಟೇ ಎಂದು ಹೇಳುವ ಹಕ್ಕು ಇಂದು ಯಾರಿಗೂ ಇಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಮುಂದಿನ ಸಲ ನಾವು ಹೋಗಿ ಕೇಳಬೇಕು, ಸರ್” ಎಂದರು. ಇದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿಯೂ ಇರಲಿಲ್ಲ.